18 ಜನರ ಕಚೇರಿಗೆ ಏರ್ ಪ್ಯೂರಿಫೈಯರ್: ಒಂದು ದೊಡ್ಡದೋ, ನಾಲ್ಕು ಚಿಕ್ಕದೋ?

ಕಡತಕೋಣೆ
ಬೆಂಗಳೂರು, ತುಮಕೂರು ರಸ್ತೆ ಪಕ್ಕದ ಕಟ್ಟಡ, ಮೊದಲ ಮಹಡಿ. ಆಡಿಟರ್ ಕಚೇರಿ. ಒಟ್ಟು 1,200 ಚದರಡಿ: ಹಾಲ್ 950, ತಲಾ 125ರ ಎರಡು ಕ್ಯಾಬಿನ್. ಚಾವಣಿ ಒಂಬತ್ತೂವರೆ ಅಡಿ ಎತ್ತರ. 18 ಜನ, ಮೂರು ಸ್ಪ್ಲಿಟ್ ಎಸಿ, ಒಂದು ದೊಡ್ಡ ಲೇಸರ್ ಪ್ರಿಂಟರ್, ಎರಡು ಗೋಡೆ ತುಂಬ ಹಳೇ ಫೈಲು. ರಸ್ತೆ ಕಡೆ ಕಿಟಕಿ ತೆಗೆದರೆ ಸಂಜೆಯೊಳಗೆ ಮೇಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಮುಚ್ಚಿದರೆ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರಿಗೂ ತಲೆಭಾರ.

ಎರಡು ಕೊಟೇಶನ್ ಕೈಯಲ್ಲಿವೆ. ಒಂದು: ದೊಡ್ಡ ಯಂತ್ರ, ₹52,000, ಸಿಎಡಿಆರ್ (ಯಂತ್ರ ಗಂಟೆಗೆ ಕೊಡೋ ಶುದ್ಧ ಗಾಳಿ, ಘನಮೀಟರ್ ಲೆಕ್ಕ) 600, "1,500 ಚದರಡಿವರೆಗೆ ಸಾಕು" ಅಂತ ಬರೆದಿದೆ. ಇನ್ನೊಂದು: ಚಿಕ್ಕವು ನಾಲ್ಕು, ಒಂದಕ್ಕೆ ₹14,000, ತಲಾ ಸಿಎಡಿಆರ್ 400. ಬಜೆಟ್ ₹60,000. ಯಾವುದು ತಗೊಳ್ಳೋದು?

ಗಾಳಿಲೆಕ್ಕ
"1,500 ಚದರಡಿವರೆಗೆ" ಅನ್ನೋ ಸಾಲನ್ನ ಹೊಡೆದುಹಾಕಿ ಓದಿ. ಗಂಟೆಗೆ ಎಷ್ಟು ಸಲ ಕೋಣೆಯ ಗಾಳಿ ಶುದ್ಧ ಆಗ್ಬೇಕು ಅನ್ನೋದನ್ನ ಮಾರುವವರು ತಮಗೆ ಅನುಕೂಲ ಆದ ಹಾಗೆ ಹಿಡ್ಕೊಂಡು ಆ ಚದರಡಿ ಬರೆದಿರ್ತಾರೆ. 8 ಅಡಿ ಚಾವಣಿ ಅಂದ್ಕೊಂಡ್ರೂ 1,500 ಚದರಡಿ ಅಂದ್ರೆ 340 ಘನಮೀಟರ್. 600ನ್ನ 340ರಿಂದ ಭಾಗಿಸಿದ್ರೆ ಗಂಟೆಗೆ 1.8 ಸಲ. ಅದು ಕಡಿಮೆ.

ನಿಮ್ಮ ಲೆಕ್ಕ ಹೀಗೆ ಮಾಡಿ. ಹಾಲ್: 950 × 9.5 = 9,025 ಘನ ಅಡಿ. 35.3ರಿಂದ ಭಾಗಿಸಿದ್ರೆ 256 ಘನಮೀಟರ್. ಕ್ಯಾಬಿನ್ ಒಂದೊಂದೂ 34 ಘನಮೀಟರ್. ಗಂಟೆಗೆ 5 ಸಲ ಬೇಕಂದ್ರೆ ಹಾಲ್‌ಗೆ 1,280, ಕ್ಯಾಬಿನ್‌ಗೆ ತಲಾ 170. ಇವೆಲ್ಲ ಗಂಟೆಗೆ ಘನಮೀಟರ್ ಲೆಕ್ಕ. ಕೊಟೇಶನ್‌ನಲ್ಲಿ ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಇದ್ರೆ 1.7ರಿಂದ ಗುಣಿಸಿ. ಈ ಎರಡು ಮಾನ ಅದಲುಬದಲಾಗಿಯೇ ಅರ್ಧಕ್ಕರ್ಧ ತಪ್ಪು ಖರೀದಿ ಆಗೋದು.

ಗುರುಗ್ರಾಮದಿಂದ
ದೊಡ್ಡದು ಒಂದೇ ತಗೊಳ್ಳಲೇಬೇಡಿ. ಅದು ಒಂದು ಮೂಲೇಲಿ ಕೂತು ತನ್ನ ಸುತ್ತಲಿನ ಗಾಳೀನೇ ತಿರುಗಿಸ್ತಾ ಇರುತ್ತೆ. ಕೆಟ್ಟರೆ ಪೂರ್ತಿ ಕಚೇರಿ ಸೊನ್ನೆ. ನಾಲ್ಕು ಚಿಕ್ಕದು, ಎಲ್ಲ ಫುಲ್ ಸ್ಪೀಡ್, ಕಿಟಕಿ ಬಂದ್. 1,600 ಬರುತ್ತೆ, ಮುಗೀತು.

ಸದ್ದುಮೀಟರ್
ಫುಲ್ ಸ್ಪೀಡಲ್ಲಿ ಯಾರೂ ಓಡಿಸಲ್ಲ, ಸಾರ್. ಡಬ್ಬದ ಮೇಲಿನ 400 ಅತಿ ಹೆಚ್ಚು ವೇಗದ್ದು. ಆ ವೇಗದಲ್ಲಿ ಇಂಥ ಯಂತ್ರ 60 ಡೆಸಿಬೆಲ್ ಹತ್ತಿರ ಸದ್ದು ಮಾಡುತ್ತೆ. ಪಕ್ಕದಲ್ಲಿ ಕೂತವರು ಫೋನಲ್ಲಿ ಮಾತಾಡೋಕಾಗದೆ ಹತ್ತೇ ನಿಮಿಷದಲ್ಲಿ ಎದ್ದು ಹೋಗಿ ಕಡಿಮೆ ಮಾಡ್ತಾರೆ. ಕಚೇರಿಯಲ್ಲಿ ತಡಕೊಳ್ಳೋದು 45ರ ಒಳಗೆ.

ಫ್ಯಾನ್ ವೇಗ ಅರ್ಧ ಆದ್ರೆ ಗಾಳಿಯೂ ಅರ್ಧ, ಆದ್ರೆ ಸದ್ದು 15 ಡೆಸಿಬೆಲ್‌ನಷ್ಟು ಇಳಿಯುತ್ತೆ, ಕರೆಂಟು ಎಂಟನೇ ಒಂದು ಪಾಲಿನ ಹತ್ತಿರಕ್ಕೆ ಬರುತ್ತೆ. ಅದಕ್ಕೇ ಹಲವು ಯಂತ್ರ ತಗೊಂಡು ಮಧ್ಯದ ವೇಗದಲ್ಲಿ ಓಡಿಸೋದು. ಮಧ್ಯದ ವೇಗಕ್ಕೆ 55% ಹಿಡಿಯಿರಿ. 400ಕ್ಕೆ 220. ಹಾಲ್‌ನಲ್ಲಿ ನಾಲ್ಕೂ ಇಟ್ರೆ 880, ಅಂದ್ರೆ ಗಂಟೆಗೆ 3.4 ಸಲ. ಅಂಗಡಿಯವರನ್ನ ಕೇಳಬೇಕಾದ ಪ್ರಶ್ನೆ ಒಂದೇ: "45 ಡೆಸಿಬೆಲ್ ಒಳಗೆ ಇದು ಎಷ್ಟು ಸಿಎಡಿಆರ್ ಕೊಡುತ್ತೆ?" ಉತ್ತರ ಬರೆದು ಕೊಡದಿದ್ರೆ ಮುಂದಿನ ಅಂಗಡಿ.

ಗುರುಗ್ರಾಮದಿಂದ
3.4 ಸಾಲಲ್ಲ. 5 ಬೇಕು ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲೇ ಹೇಳಿದೆ.

ಗಾಳಿಲೆಕ್ಕ
ಆ 5 ಸೋಂಕಿನ ಲೆಕ್ಕದಲ್ಲಿ ಹೇಳಿದ್ದು. ಹೊರಗಿನ ಗಾಳಿ, ಫಿಲ್ಟರ್ ಆದ ಗಾಳಿ ಎಲ್ಲ ಕೂಡಿಸಿ ಕನಿಷ್ಠ 5. ಶೀತಜ್ವರದ ಕಾಲದಲ್ಲಿ ಅದು ಒಳ್ಳೇ ಗುರಿ. ಆದ್ರೆ ಇವರ ದೂರು ರಸ್ತೆ ಹೊಗೆ, ಧೂಳು. ಅದಕ್ಕೆ ಬೇರೆ ಲೆಕ್ಕ ಇದೆ, ಬಿಡಿಸಿ ಬರೀತೀನಿ.

ಹೊರಗೆ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಘನಮೀಟರ್‌ಗೆ 60 ಮೈಕ್ರೋಗ್ರಾಂ ಇದೆ ಅನ್ನಿ, ಚಳಿಗಾಲದ ಒಂದು ಕೆಟ್ಟ ದಿನ. ಕಿಟಕಿ ಮುಚ್ಚಿದ್ರೂ ಸಂದಿಗಳಿಂದ ಗಂಟೆಗೆ ಅರ್ಧ ಕೋಣೆಯಷ್ಟು ಗಾಳಿ ಒಳಗೆ ಬರುತ್ತೆ (0.5). ಕಣಗಳು ತಾವಾಗಿ ಕೂರೋದು 0.2. ಭಾಗಿಸೋದು ಇವೆರಡಕ್ಕೆ ಯಂತ್ರದ ಸಲಗಳನ್ನ ಕೂಡಿಸಿದ ಅಂಕಿಯಿಂದ.
ಯಂತ್ರ ಇಲ್ಲದೆ: 60 × 0.5 ÷ 0.7 = 43.
ಗಂಟೆಗೆ 3 ಸಲ: 60 × 0.5 ÷ 3.7 = 8.
ಗಂಟೆಗೆ 5 ಸಲ: 60 × 0.5 ÷ 5.7 = 5.

43ರಿಂದ 8ಕ್ಕೆ ಬರೋದೇ ದೊಡ್ಡ ಕೆಲಸ. 8ರಿಂದ 5ಕ್ಕೆ ಇಳಿಸೋಕೆ ಇನ್ನೂ ಎರಡು ಮೂರು ಯಂತ್ರ, ಅವುಗಳ ಫಿಲ್ಟರ್, ಸದ್ದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ದಿನಕ್ಕೆ 15, ನಮ್ಮ ರಾಷ್ಟ್ರೀಯ ಮಾನದಂಡ ದಿನಕ್ಕೆ 60. 8 ಎರಡರ ಒಳಗೂ ಇದೆ.

ಈಗ ಕಿಟಕಿ ತೆಗೀರಿ. ಗಾಳಿ ಬದಲಾವಣೆ ಗಂಟೆಗೆ 5 ಆಗುತ್ತೆ. 60 × 5 ÷ 8.2 = 37. ನಾಲ್ಕೂ ಯಂತ್ರ ಓಡ್ತಾ ಇದ್ರೂ 37! ಯಂತ್ರ ಯಾವ ಕಂಪನಿಯದು ಅನ್ನೋದಕ್ಕಿಂತ ಒಂದು ತೆರೆದ ಕಿಟಕಿ ಹತ್ತು ಪಾಲು ಹೆಚ್ಚು ವ್ಯತ್ಯಾಸ ಮಾಡುತ್ತೆ.

ಡಕ್ಟ್‌ಮೇಸ್ತ್ರಿ
ಲೆಕ್ಕ ಸರಿ. ಆದ್ರೆ ಕಿಟಕಿ ಮುಚ್ಚಿಸಿ ಕೂರಿಸೋ ಮುಂಚೆ ಒಂದು ಮಾತು. ಇವರು ಬರೆದಿರೋ "ಮೂರು ಗಂಟೆಗೆ ತಲೆಭಾರ" ಧೂಳಿಂದಲ್ಲ, ಉಸಿರಿನ ಇಂಗಾಲದ ಡೈಆಕ್ಸೈಡ್ ಏರಿ, ಕೋಣೆ ಬಿಸಿಯಾಗಿ, ಗಾಳಿ ಹಳಸಿ ಬರೋದು. ಹೆಪಾ ಫಿಲ್ಟರ್ ಕಣ ಹಿಡಿಯುತ್ತೆ, ಅನಿಲ ಹಿಡಿಯಲ್ಲ. ಸ್ಪ್ಲಿಟ್ ಎಸಿ ಒಳಗಿನ ಗಾಳೀನೇ ತಣ್ಣಗೆ ಮಾಡಿ ವಾಪಸ್ ಕೊಡುತ್ತೆ, ಹೊರಗಿನ ಒಂದು ಗುಟುಕೂ ತರಲ್ಲ. ಹತ್ತು ಲಕ್ಷದ ಪ್ಯೂರಿಫೈಯರ್ ಇಟ್ರೂ ಆ ತಲೆಭಾರ ಹೋಗಲ್ಲ.

ಮೇಜಿನ ಕೆಲಸದ ಒಬ್ಬರು ಗಂಟೆಗೆ ಸುಮಾರು 18–19 ಲೀಟರ್ ಬಿಡ್ತಾರೆ. 18 ಜನ ಸೇರಿ ಹತ್ತಿರ ಹತ್ತಿರ 340 ಲೀಟರ್. ಕಚೇರಿ ಪೂರ್ತಿ 323 ಘನಮೀಟರ್. ಬಾಗಿಲು ಕಿಟಕಿ ಮುಚ್ಚಿದ್ರೆ ಬೆಳಿಗ್ಗೆ 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 420 ಪಾಲು) ಇದ್ದದ್ದು ಒಂದೇ ಗಂಟೇಲಿ 1,200 ದಾಟುತ್ತೆ. ಸಂಜೆವರೆಗೆ ಏರ್ತಾನೇ ಇರುತ್ತೆ.

ಹೊಸ ಗಾಳಿ ಎಷ್ಟು ಬೇಕು ಅನ್ನೋದಕ್ಕೆ ಅಮೆರಿಕದ ಎಸಿ ಎಂಜಿನಿಯರುಗಳ ಸಂಘದ ಮಾನದಂಡ ಆಶ್ರೇ 62.1 ಇದೆ: ಒಬ್ಬರಿಗೆ 5 ಸಿಎಫ್‌ಎಂ, ಜೊತೆಗೆ ಚದರಡಿಗೆ 0.06. ಇವರಿಗೆ 90 + 72 = 162 ಸಿಎಫ್‌ಎಂ, ಅಂದ್ರೆ 275 ಘನಮೀಟರ್. ಆರಿಂಚಿನ ಒಂದು ಇನ್‌ಲೈನ್ ಫ್ಯಾನ್ ಸಾಕು.

ಗಾಳಿಲೆಕ್ಕ
ಮೇಸ್ತ್ರಿಗಳೇ, 275 ಕನಿಷ್ಠ. ಅಷ್ಟೇ ಕೊಟ್ರೆ ಡೈಆಕ್ಸೈಡ್ 420ರ ಮೇಲೆ 1,200 ಏರಿ 1,600ರ ಸುಮಾರಲ್ಲಿ ನಿಲ್ಲುತ್ತೆ. 1,000 ದಾಟಬಾರದು ಅಂದ್ರೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಬೇಕು. 18 × 36 = 648 ಘನಮೀಟರ್.

ಡಕ್ಟ್‌ಮೇಸ್ತ್ರಿ
ಒಪ್ಪಿದೆ. ಹಾಗಾದ್ರೆ ಫ್ಯಾನ್ ಎರಡು. ಆರಿಂಚಿನ ಇನ್‌ಲೈನ್ ಫ್ಯಾನ್ ಡಬ್ಬದ ಮೇಲೆ 400ರಿಂದ 500 ಘನಮೀಟರ್ ಅಂತ ಬರೆದಿರುತ್ತೆ. ಫಿಲ್ಟರ್, ಪೈಪು, ಜಾಲರಿ ಎಲ್ಲ ಕೂಡಿದ ಮೇಲೆ ಸಿಗೋದು 300–350.

ಮಾಡೋ ರೀತಿ ಹೇಳ್ತೀನಿ. ರಸ್ತೆ ಕಡೆ ಬೇಡ, ಹಿಂಬದಿ ಕಿಟಕಿಯ ಮೇಲಿನ ಗಾಜು ಒಂದನ್ನ ತೆಗೆದು ಅಲ್ಯುಮಿನಿಯಂ ಶೀಟ್ ಹಾಕಿಸಿ, ಅದರಲ್ಲಿ ಎರಡು ತೂತು. ಸುತ್ತಮುತ್ತ ಜನರೇಟರ್ ಹೊಗೆಕೊಳವೆ, ಟಾಯ್ಲೆಟ್‌ನ ಎಕ್ಸಾಸ್ಟ್, ಕೆಳಗಡೆ ಹೋಟೆಲ್ ಚಿಮಣಿ ಇಲ್ಲ ಅಂತ ಮೊದಲು ನೋಡ್ಕೊಳ್ಳಿ. ಒಳಗಡೆ ಎರಡಡಿ ಚೌಕದ ತಗಡಿನ ಪೆಟ್ಟಿಗೆ. ಅದರಲ್ಲಿ ಮೊದಲು ದೊಡ್ಡ ಧೂಳು ಹಿಡಿಯೋ ಜಿ4 ಫಿಲ್ಟರ್, ಅದರ ಹಿಂದೆ ಸಣ್ಣ ಕಣಕ್ಕೆ ಎಫ್7. ಎಫ್7 ಅಂದ್ರೆ ಅಮೆರಿಕದ ದರ್ಜೆಯಲ್ಲಿ ಹೆಚ್ಚುಕಡಿಮೆ ಮರ್ವ್ 13. ದೊಡ್ಡ ಎಸಿ ಘಟಕಗಳಿಗೆ ಫಿಲ್ಟರ್ ಮಾರೋರ ಹತ್ತಿರ 610 × 610 ಅಳತೆ ಸಿದ್ಧ ಇರುತ್ತೆ. ಇಷ್ಟು ದೊಡ್ಡ ಫಿಲ್ಟರ್ ಯಾಕೆ ಅಂದ್ರೆ ಮುಖ ಅಗಲ ಇದ್ದಷ್ಟೂ ಗಾಳಿ ನಿಧಾನ ಹೋಗುತ್ತೆ, ಫ್ಯಾನ್‌ಗೆ ಒತ್ತಡ ಬೀಳಲ್ಲ. ಅಂಚಿನಲ್ಲಿ ಫೋಮ್ ಟೇಪ್ ಹಾಕಲೇಬೇಕು. ಹಾಕದಿದ್ರೆ ಗಾಳಿ ಫಿಲ್ಟರ್ ಬಿಟ್ಟು ಸಂದೀಲಿ ನುಗ್ಗುತ್ತೆ.

ಎಕ್ಸಾಸ್ಟ್ ಫ್ಯಾನ್ ಹಾಕಿಸೋ ತಪ್ಪು ಮಾತ್ರ ಮಾಡ್ಬೇಡಿ. ಅದು ಒಳಗಿನ ಗಾಳಿ ಎಳೆದು ಹೊರಗೆ ಹಾಕುತ್ತೆ, ಆ ಜಾಗ ತುಂಬೋಕೆ ರಸ್ತೆ ಕಡೆಯ ಪ್ರತಿ ಸಂದಿಯಿಂದಲೂ ಧೂಳು ಒಳಗೆ ಬರುತ್ತೆ. ಒಳಕ್ಕೆ ತಳ್ಳಬೇಕು, ಹೊರಕ್ಕೆ ಎಳೀಬಾರದು.

ಕಡತಕೋಣೆ
ಹೊರಗಿನ ಗಾಳಿ ತಂದರೆ ಎಸಿ ತಡಕೊಳ್ಳುತ್ತಾ?

ಡಕ್ಟ್‌ಮೇಸ್ತ್ರಿ
ಏಪ್ರಿಲ್‌ನಲ್ಲಿ ಹೊರಗೆ 33, ಒಳಗೆ 25 ಅಂದ್ಕೊಳ್ಳಿ. 650 ಘನಮೀಟರ್ ಗಾಳಿಯನ್ನ ಎಂಟು ಡಿಗ್ರಿ ಇಳಿಸೋಕೆ 1.75 ಕಿಲೋವ್ಯಾಟ್, ಅಂದ್ರೆ ಅರ್ಧ ಟನ್. ಮೂರು ಎಸಿ ಇರೋ ಕಡೆ ಅದು ಭಾರ ಅಲ್ಲ. ಬೆಂಗಳೂರಲ್ಲಿ ವರ್ಷದ ಎಷ್ಟೋ ತಿಂಗಳು ಬೆಳಿಗ್ಗೆ ಹೊರಗಿನ ಗಾಳೀನೇ ಒಳಗಿಂದಕ್ಕಿಂತ ತಂಪು, ಎಸಿ ಒಂದು ಗಂಟೆ ತಡವಾಗಿ ಹಾಕಿದ್ರೂ ನಡೆಯುತ್ತೆ.

ಹಸಿರುಕುಂಡ
ಯಂತ್ರದ ಬದಲು ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಇಟ್ಟರೆ ಆಗಲ್ವಾ? ನಾಸಾ ಹೇಳಿದೆಯಲ್ಲ.

ಗಾಳಿಲೆಕ್ಕ
ಮೇಡಂ, ನಾಸಾದ ಆ ಪ್ರಯೋಗ 1989ರದ್ದು. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು ಕೆಲವು ಅನಿಲಗಳನ್ನ ಅಳೆದದ್ದು, ಧೂಳನ್ನಲ್ಲ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಬಂದ ವಿಮರ್ಶೆ ಪ್ರಕಾರ ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮ ಆಗ್ಬೇಕಂದ್ರೆ ಚದರಮೀಟರ್‌ಗೆ ಕನಿಷ್ಠ 10 ಗಿಡ ಬೇಕು. ಈ ಕಚೇರಿಗೆ 1,100 ಕುಂಡ. ಕಣ್ಣಿಗೆ ತಂಪು, ಖಂಡಿತ ಇಡಿ. ಗಾಳಿ ಲೆಕ್ಕಕ್ಕೆ ಮಾತ್ರ ಹಿಡೀಬೇಡಿ.

ಕುಡ್ಲದಕಡಲು
ಹಳೇ ಫೈಲು ಉಂಟಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಫೈಲಿನಿಂದ ಉದುರುವುದು ದೊಡ್ಡ ಕಣ ಮಾರಾಯ್ರೆ. 10 ಮೈಕ್ರಾನಿನದ್ದು ಒಂದು ಮೀಟರ್ ಎತ್ತರದಿಂದ ಐದಾರು ನಿಮಿಷದಲ್ಲಿ ನೆಲಕ್ಕೆ ಬೀಳ್ತದೆ, ಇನ್ನೂ ದೊಡ್ಡದು ಅದಕ್ಕಿಂತ ಬೇಗ. ಮೂರು ಮೀಟರ್ ದೂರದ ಪ್ಯೂರಿಫೈಯರಿನ ಬಾಯಿವರೆಗೆ ಅದು ಹೋಗುವುದೇ ಇಲ್ಲ. 2.5 ಮೈಕ್ರಾನಿನದ್ದು ಅಷ್ಟೇ ಎತ್ತರದಿಂದ ಇಳಿಯಲಿಕ್ಕೆ ಒಂದೂವರೆ ಗಂಟೆ ಬೇಕು. ಯಂತ್ರಕ್ಕೆ ಸಿಗುವುದು ಅದು. ಹಾಗಾಗಿ "ಪ್ಯೂರಿಫೈಯರ್ ಇಟ್ಟರೂ ಮೇಜಿನ ಮೇಲೆ ಧೂಳು" ಅಂತ ಆಮೇಲೆ ಬೇಸರ ಮಾಡುವುದು ಬೇಡ.

ಮೇಜಿನ ಧೂಳಿಗೆ ಮದ್ದು ಬೇರೆ. ಫೈಲಿನ ಕಪಾಟಿಗೆ ಬಾಗಿಲು ಹಾಕಿಸಿ. ಒಣ ಪೊರಕೆ, ಗರಿ ಗುಚ್ಛ ಎರಡೂ ಬೇಡ, ಅದು ಧೂಳನ್ನು ಎಬ್ಬಿಸಿ ಎಲ್ಲರ ಮೂಗಿಗೆ ಹಂಚುವುದು. ಒದ್ದೆ ಬಟ್ಟೆ ಅಥವಾ ಹೆಪಾ ಇರುವ ವ್ಯಾಕ್ಯೂಮ್. ಕಸ ಗುಡಿಸುವುದು ಬೆಳಿಗ್ಗೆ ಜನ ಬರುವ ಹೊತ್ತಿಗೆ ಅಲ್ಲ, ಸಂಜೆ ಎಲ್ಲರೂ ಹೋದ ಮೇಲೆ, ಯಂತ್ರ ಇನ್ನೊಂದು ಗಂಟೆ ಓಡ್ಲಿಕ್ಕೆ ಬಿಟ್ಟು. ಬಾಗಿಲ ಹೊರಗೆ ಒಂದು, ಒಳಗೆ ಒಂದು ಕಾಲೊರೆಸು.

ಸರ್ವಿಸ್_ಹುಬ್ಬಳ್ಳಿ
ಎಲ್ಲಾರೂ ಯಾವ್ದು ತಗೋಬೇಕು ಅಂತ ಹೇಳಾಕತ್ತೀರಿ, ತಗೊಂಡ ಮ್ಯಾಲೆ ಏನು ಕೆಡತೈತಿ ಅನ್ನೋದ ಯಾರೂ ಹೇಳವಲ್ರಿ.

ಹೊರಗಿನ ಜಾಳಿಗಿ, ಅಂದ್ರ ಪ್ರೀಫಿಲ್ಟರ್, ಎರಡು ವಾರಕ್ಕೊಮ್ಮೆ ತೊಳೀರಿ. ತೊಳದ ಮ್ಯಾಲೆ ನೆರಳಾಗ ಪೂರ್ತಿ ಒಣಗಬೇಕು. ಹಸಿ ಇದ್ದಾಗ ಹಾಕಿದ್ರ ಒಳಗಿನ ಹೆಪಾಕ್ಕ ಪಸಿ ಹಿಡದು ಬೂಸಲು ವಾಸನಿ ಬರತೈತಿ, ಆಮ್ಯಾಲೆ ಆ ಫಿಲ್ಟರ್ ಒಗಿಯೋದ ಒಂದ ದಾರಿ. ಹೆಪಾಕ್ಕ ನೀರು ತಾಗಸಬ್ಯಾಡ್ರಿ, ಬ್ರಷ್ ಹೊಡೀಬ್ಯಾಡ್ರಿ. ಅದರ ಎಳಿ ಭಾಳ ನಾಜೂಕ.

"ಫಿಲ್ಟರ್ ಬದಲಿಸಿ" ಅನ್ನೋ ದೀಪ ಭಾಳ ಯಂತ್ರದಾಗ ಬರೇ ತಾಸು ಎಣಿಸಿ ಹತ್ತತೈತಿ, ಹೊಲಸು ನೋಡಿ ಅಲ್ಲ. ಧೂಳ ಇದ್ದ ಕಡೆ ದೀಪ ಹತ್ತೂಕ್ಕಿಂತ ಮೊದಲ ಫಿಲ್ಟರ್ ತುಂಬಿರತೈತಿ, ಸ್ವಚ್ಛ ಇದ್ದ ಕಡೆ ದೀಪ ಹತ್ತಿದ್ರೂ ಇನ್ನೂ ಅರ್ಧ ಆಯುಷ್ಯ ಉಳದಿರತೈತಿ. ಫಿಲ್ಟರ್ ತಗದು ಮಡಿಕಿಗಳನ್ನ ಬಿಡಿಸಿ ನೋಡ್ರಿ. ಮಡಿಕಿ ತಳದತನಕ ಕರ್ರಗಾಗಿದ್ರ ಮುಗೀತು.

ಇನ್ನೊಂದು, ಯಂತ್ರದ ಮ್ಯಾಲಿನ ಅಂಕಿ ನಂಬಬ್ಯಾಡ್ರಿ. ಅದರ ಸೆನ್ಸರ್ ಯಂತ್ರದ ಬಾಯಾಗ ಇರತೈತಿ, ತಾನ ಸ್ವಚ್ಛ ಮಾಡಿದ ಗಾಳಿನ ಮೂಸತೈತಿ. ಹಾಲ್‌ನ ಆ ತುದಿಯಾಗ ಕುಂತವರ ಮೂಗಿಗೆ ಎಷ್ಟು ಅನ್ನೋದು ಅದಕ್ಕ ಗೊತ್ತಾಗಂಗಿಲ್ಲ. ಅದಕ್ಕ ಆಟೋ ಮೋಡ್‌ನಾಗ ಬಿಟ್ರ ಅದು ಭಾಳ ಹೊತ್ತು ಮಲಗಿರತೈತಿ. ಮಧ್ಯದ ವೇಗಕ್ಕ ಇಟ್ಟು ಬಿಟ್ಟಬಿಡ್ರಿ.

ದಂತಪಂಕ್ತಿ
ಹಾಗಾದರೆ ಬೇರೆ ಮೀಟರ್ ತಗೋಬೇಕಾ? ಯಾವ ಥರದ್ದು? ನಮ್ಮದು ದಂತ ಚಿಕಿತ್ಸಾಲಯ, ಪ್ರಶ್ನೆ ಇದೇ ಆದ್ದರಿಂದ ಇಲ್ಲೇ ಕೇಳುತ್ತಿದ್ದೇನೆ.

ಗಾಳಿಲೆಕ್ಕ
ಹೌದು ಡಾಕ್ಟ್ರೇ. ಒಂದೇ ಮೀಟರಲ್ಲಿ ಪಿಎಂ 2.5 ಮತ್ತೆ ಇಂಗಾಲದ ಡೈಆಕ್ಸೈಡ್ ಎರಡೂ ಇರಲಿ. ಡೈಆಕ್ಸೈಡ್ ಸೆನ್ಸರ್ "ಎನ್‌ಡಿಐಆರ್" ಅಂತ ಬರೆದಿರಬೇಕು, ಅಂದ್ರೆ ಆ ಅನಿಲವನ್ನೇ ನೇರ ಅಳೆಯೋದು. ಅಗ್ಗದವುಗಳಲ್ಲಿ "ಇಸಿಒ2" ಅಂತ ಇರುತ್ತೆ, ಅದು ಬೇರೆ ಅನಿಲ ನೋಡಿ ಊಹೆ ಮಾಡೋ ಅಂಕಿ. ಸ್ಯಾನಿಟೈಸರ್ ಬಾಟಲಿ ತೆರೆದ್ರೆ 3,000 ತೋರಿಸುತ್ತೆ. ನಿಮ್ಮಲ್ಲಿ ಸ್ಪಿರಿಟ್ ಬಳಕೆ ಜಾಸ್ತಿ, ಹಾಗಾಗಿ ಅದು ಪೂರ್ತಿ ನಿರುಪಯೋಗ.

ಕುಡ್ಲದಕಡಲು
ಪಿಎಂ ಸೆನ್ಸರ್‌ದ್ದೂ ಒಂದು ಗುಟ್ಟು ಉಂಟು. ತೇವ ಜಾಸ್ತಿ ಇದ್ದರೆ ಕಣಕ್ಕೆ ನೀರು ಹತ್ತಿ ಉಬ್ಬುತ್ತದೆ, ಲೇಸರ್ ಅದನ್ನು ದೊಡ್ಡದಾಗಿ ಎಣಿಸ್ತದೆ. ಮಂಗಳೂರಿನ ಜುಲೈಯಲ್ಲಿ ಅಂಕಿ ಜಾಸ್ತಿ ಕಂಡರೆ ಎಲ್ಲವೂ ಹೊಗೆ ಅಂತ ಹೆದರುವುದು ಬೇಡ.

ಗುರುಗ್ರಾಮದಿಂದ
ಮೀಟರ್ ಖರ್ಚು ಯಾಕೆ? ಆ್ಯಪ್‌ನಲ್ಲಿ ಎಕ್ಯುಐ (ಗಾಳಿ ಗುಣಮಟ್ಟದ ಸೂಚ್ಯಂಕ) ಬರುತ್ತಲ್ಲ. 100 ಅಂದ್ರೆ 100 ಮೈಕ್ರೋಗ್ರಾಂ.

ಗಾಳಿಲೆಕ್ಕ
ಅಲ್ಲ. ನಮ್ಮ ದೇಶದ ಸೂಚ್ಯಂಕದಲ್ಲಿ 100 ಅಂದ್ರೆ ಪಿಎಂ 2.5 60 ಮೈಕ್ರೋಗ್ರಾಂ, ಅದೂ 24 ಗಂಟೆಯ ಸರಾಸರಿ. 200ಕ್ಕೆ 90, 300ಕ್ಕೆ 120. ಅಮೆರಿಕದ ಸೂಚ್ಯಂಕ ಬಳಸೋ ಆ್ಯಪ್‌ಗಳಲ್ಲಿ ಅದೇ ಗಾಳಿಗೆ ಬೇರೆ ಅಂಕಿ ಬರುತ್ತೆ. ತುಮಕೂರು ರಸ್ತೆಯವರಿಗೆ ಪೀಣ್ಯದ ಮಾಪನ ಕೇಂದ್ರ ಹತ್ತಿರ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸೋ ಮೈಕ್ರೋಗ್ರಾಂ ಅಂಕಿಯನ್ನೇ ನೋಡಿ. ಒಳಗಿನದಕ್ಕೆ ಮಾತ್ರ ಮೀಟರ್ ಬೇಕೇ ಬೇಕು.

ಸದ್ದುಮೀಟರ್
ದಂತ ಚಿಕಿತ್ಸೆಗೆ ಒಂದು ಸೇರಿಸ್ತೀನಿ. ಅಲ್ಲಿ ತುಂತುರು ಹುಟ್ಟೋದು ಕುರ್ಚಿಯ ತಲೆಯ ಹತ್ತಿರ. ಯಂತ್ರ ರೋಗಿಯ ತಲೆ ಕಡೆ, ನೆಲದ ಮೇಲೆ, ಗಾಳಿ ಎಳೆಯೋ ಬಾಯಿ ಕುರ್ಚಿಗೆ ಮುಖ ಮಾಡಿ ಇರಲಿ. ವೈದ್ಯರ ಮುಖ ಮತ್ತು ರೋಗಿಯ ಬಾಯಿ ಮಧ್ಯೆ ಗಾಳಿ ಹರಿಯಬಾರದು.

ಕಡತಕೋಣೆ
ಖರ್ಚಿನ ಲೆಕ್ಕ ಯಾರಾದ್ರೂ ಹೇಳ್ತೀರಾ? ಮತ್ತೆ ಅಯಾನ್, ಯುವಿ, "ಎಚ್14", ಕಾರ್ಬನ್ ಅಂತ ಏನೇನೋ ಪಟ್ಟಿ ಇದೆ.

ಗಾಳಿಲೆಕ್ಕ
ಚಿಕ್ಕದು ನಾಲ್ಕು, ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂತ ಹಿಡಿದಿದೀನಿ.
ಕರೆಂಟು: ಮಧ್ಯದ ವೇಗದಲ್ಲಿ ಒಂದಕ್ಕೆ 20 ವ್ಯಾಟ್. 4 × 20 × 3,000 = ವರ್ಷಕ್ಕೆ 240 ಯೂನಿಟ್. ಯೂನಿಟ್‌ಗೆ ₹9 ಅಂದ್ರೂ ₹2,160.
ಫಿಲ್ಟರ್: ಒಂದಕ್ಕೆ ₹3,000 ಅಂದ್ರೆ ವರ್ಷಕ್ಕೆ ₹12,000.
ಐದು ವರ್ಷಕ್ಕೆ: ಯಂತ್ರ 56,000, ನಾಲ್ಕು ಸಲ ಫಿಲ್ಟರ್ 48,000, ಕರೆಂಟು 10,800. ಒಟ್ಟು ₹1,14,800.

ಫಿಲ್ಟರೇ ಖರ್ಚು, ಕರೆಂಟಲ್ಲ. ಅದಕ್ಕೇ ಖರೀದಿಗೆ ಮುಂಚೆ ಫಿಲ್ಟರ್ ಬೆಲೆ, ಅದರ ಭಾಗ ಸಂಖ್ಯೆ ಬರೆಸಿಕೊಳ್ಳಿ. ಒಂದು ಸೆಟ್ ಈಗಲೇ ಆರ್ಡರ್ ಮಾಡಿ ನೋಡಿ. ಬರೋಕೆ ಮೂರು ವಾರ ಅಂದ್ರೆ ಆ ಯಂತ್ರ ಬೇಡ.

ಕಿಟಕಿ ವಿಷಯ ಇಲ್ಲೂ ಬರುತ್ತೆ. ಒಳಗೆ 8 ಮೈಕ್ರೋಗ್ರಾಂ ಇದ್ರೆ ಒಂದು ಯಂತ್ರ ವರ್ಷಕ್ಕೆ ಹಿಡಿಯೋದು 220 × 8 × 3,000, ಅಂದ್ರೆ 5 ಗ್ರಾಂ ಚಿಲ್ಲರೆ. ಕಿಟಕಿ ತೆಗೆದು 37 ಆದ್ರೆ 24 ಗ್ರಾಂ. ಚೀನಾದ 2015ರ ಮಾನದಂಡದಲ್ಲಿ ಅತಿ ಮೇಲಿನ ದರ್ಜೆ "ಪಿ4" ಅಂದ್ರೆ ಸಿಎಡಿಆರ್ ಅರ್ಧಕ್ಕಿಳಿಯೋ ಮುಂಚೆ ಕನಿಷ್ಠ 12 ಗ್ರಾಂ ಕಣ ಹಿಡಿಯುವ ಫಿಲ್ಟರ್. ಕಿಟಕಿ ತೆರೆದ ಕಚೇರೀಲಿ ಅದು ಆರು ತಿಂಗಳಿಗೇ ಆ ಮಟ್ಟ ಮುಟ್ಟಬಹುದು.

ಡಕ್ಟ್‌ಮೇಸ್ತ್ರಿ
ಪಟ್ಟಿ ಬಗ್ಗೆ ಹೇಳ್ತೀನಿ. ಎಚ್13 ಅಂದ್ರೆ ಹಿಡಿಯೋಕೆ ಅತಿ ಕಷ್ಟದ ಗಾತ್ರದ ಕಣಕ್ಕೂ 99.95%, ಎಚ್14 ಅಂದ್ರೆ 99.995%. ಒಂದೇ ಗಾಳಿ ಮತ್ತೆ ಮತ್ತೆ ಸುತ್ತೋ ಕೋಣೇಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ಗಾಳಿ ಪ್ರಮಾಣ ಬರುತ್ತೆ. ಎಚ್14 ಗೆ ದುಡ್ಡು ಹೆಚ್ಚು ಕೊಡ್ಬೇಡಿ. "ಹೆಪಾ ಮಾದರಿ" ಅಂತ ಬರೆದದ್ದನ್ನ ಮಾತ್ರ ಬಿಟ್ಟುಬಿಡಿ.

ಅಯಾನ್ ಬಟನ್ ಇದ್ರೆ ಆಫ್ ಮಾಡಿ ಇಡಿ. ಕೆಲವು ಓಝೋನ್ ಬಿಡ್ತವೆ. ಕ್ಯಾಲಿಫೋರ್ನಿಯಾದಲ್ಲಿ 0.050 ಪಿಪಿಎಂ ದಾಟೋದನ್ನ ಮಾರೋ ಹಾಗೇ ಇಲ್ಲ. "ಓಝೋನ್‌ನಿಂದ ಶುದ್ಧಿ" ಅಂತಲೇ ಮಾರೋದನ್ನ ಜನ ಇರೋ ಕೋಣೆಗೆ ತರಲೇಬೇಡಿ. ಇಷ್ಟು ಚಿಕ್ಕ ಯಂತ್ರದೊಳಗಿನ ಯುವಿ ದೀಪದ ಮುಂದೆ ಗಾಳಿ ಒಂದು ಕ್ಷಣವೂ ನಿಲ್ಲಲ್ಲ, ಅದರಿಂದ ಹೇಳಿಕೊಳ್ಳೋ ಅಂಥ ಲಾಭ ಇಲ್ಲ.

ಕಾರ್ಬನ್ ತೂಕ ಕೇಳಿ. ಜೇನುಗೂಡಿನಂಥ ಜಾಲರಿಗೆ ಪುಡಿ ಬಳಿದದ್ದು ಕೆಲವೇ ವಾರದಲ್ಲಿ ತುಂಬುತ್ತೆ. ವಾಸನೆಗೆ ಕೆಲಸ ಮಾಡಬೇಕಂದ್ರೆ ಕಾಳು ಕಾರ್ಬನ್ ನೂರಾರು ಗ್ರಾಂ ಇರ್ಬೇಕು. ಹೊಸ ಪ್ಲೈವುಡ್ ವಾಸನೆಗೆ, ಅಂದ್ರೆ ಫಾರ್ಮಾಲ್ಡಿಹೈಡ್‌ಗೆ, ಸಾದಾ ಕಾರ್ಬನ್ ಸಾಲಲ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸೇರಿಸಿದ ಕಾಳು ಬೇಕು. ಲೇಸರ್ ಪ್ರಿಂಟರ್ ಅತಿ ಸೂಕ್ಷ್ಮ ಕಣ ಬಿಡುತ್ತೆ. ಒಂದು ಯಂತ್ರ ಅದರಿಂದ ಒಂದೆರಡು ಮೀಟರ್ ಒಳಗೆ ಇಡಿ.

ಸರ್ವಿಸ್_ಹುಬ್ಬಳ್ಳಿ
ಎಸಿ ಜಾಳಿಗಿ ಮ್ಯಾಲೆ ಅಂಟಸೋ "ಹೆಪಾ ಬಟ್ಟಿ" ಅಂತ ಮಾರತಾರ. ಹಾಕಬ್ಯಾಡ್ರಿ. ಗಾಳಿ ಕಡಿಮಿ ಆಗಿ ಕಾಯಿಲ್ ಮ್ಯಾಲೆ ಮಂಜು ಕಟ್ಟತೈತಿ, ಅದು ಕರಗಿದಾಗ ನೀರು ನಿಮ್ಮ ಫೈಲಿನ ಮ್ಯಾಲೆ.

ದಂತಪಂಕ್ತಿ
ಜಿಎಸ್‌ಟಿ?

ಗಾಳಿಲೆಕ್ಕ
ಪ್ಯೂರಿಫೈಯರ್‌ಗೆ 18%. ₹56,000 ತೆರಿಗೆ ಸೇರಿ ಇದ್ರೆ ಅದರಲ್ಲಿ ಸುಮಾರು ₹8,540 ತೆರಿಗೆ. ಆಡಿಟರ್ ಕಚೇರಿಯವರು ನೋಂದಣಿ ಸಂಖ್ಯೆ ಹಾಕಿಸಿದ ಬಿಲ್ ತಗೊಂಡು ಇನ್‌ಪುಟ್ ಕ್ರೆಡಿಟ್ ಪಡೀಬಹುದು, ಅದು ಅವರಿಗೇ ಚೆನ್ನಾಗಿ ಗೊತ್ತು. ನಿಮ್ಮ ಚಿಕಿತ್ಸಾ ಸೇವೆಗೆ ತೆರಿಗೆ ವಿನಾಯಿತಿ ಇರೋದ್ರಿಂದ ಆ ಕ್ರೆಡಿಟ್ ಸಿಗಲ್ಲ, ನಿಮ್ಮ ಲೆಕ್ಕದಲ್ಲಿ ಪೂರ್ತಿ ಬೆಲೆ ಹಿಡಿಯಿರಿ.

ಹಸಿರುಕುಂಡ
ಶುಕ್ರವಾರ ಪೂಜೆ, ಊದುಬತ್ತಿ, ಆಯುಧಪೂಜೆ ದಿನ ಧೂಪ... ಇದಕ್ಕೇನು ಮಾಡೋದು? ನಿಲ್ಲಿಸಿ ಅಂತ ಹೇಳೋಕಾಗಲ್ಲ.

ಗಾಳಿಲೆಕ್ಕ
ನಿಲ್ಲಿಸೋದು ಬೇಡ. ಜನ ಬರೋಕೆ ಅರ್ಧ ಗಂಟೆ ಮುಂಚೆ ಪೂಜೆ, ಆಮೇಲೆ ಯಂತ್ರ ಫುಲ್ ಸ್ಪೀಡು. ಆಗ ಕೋಣೆ ಖಾಲಿ, ಸದ್ದಿನ ತೊಂದರೆ ಇಲ್ಲ. ಹಾಗೆ ನೋಡಿದ್ರೆ ಊದುಬತ್ತಿಯಿಂದಲೇ ನಿಮ್ಮ ಯಂತ್ರಗಳನ್ನ ಪರೀಕ್ಷೆ ಮಾಡಬಹುದು.

ಕಿಟಕಿ ಬಾಗಿಲು, ಕ್ಯಾಬಿನ್ ಬಾಗಿಲು ಮುಚ್ಚಿ. ಹೊಸಗಾಳಿ ಫ್ಯಾನ್, ಎಸಿ ಆಫ್. ಸೀಲಿಂಗ್ ಫ್ಯಾನ್ ಒಂದರಲ್ಲಿ. ಮೀಟರ್ ಹಾಲ್ ಮಧ್ಯೆ ಮೇಜಿನ ಮೇಲೆ, ಯಂತ್ರಗಳಿಂದ ದೂರ. ಎರಡು ಊದುಬತ್ತಿ ಹಚ್ಚಿ, 250 ದಾಟಿದ ಮೇಲೆ ಆರಿಸಿ ಹೊರಗೆ ಇಡಿ. ಹೊಗೆ ಬೆರೆಯೋಕೆ ಐದು ನಿಮಿಷ ಕೊಡಿ. ಮೊದಲು ಯಂತ್ರ ಆಫ್ ಇಟ್ಟು 20 ನಿಮಿಷದಲ್ಲಿ ಎಷ್ಟು ಇಳೀತು ಬರ್ಕೊಳ್ಳಿ. ಆಮೇಲೆ ಮತ್ತೆ ಅದೇ ಮಟ್ಟಕ್ಕೆ ಏರಿಸಿ, ನಾಲ್ಕೂ ಯಂತ್ರ ಮಧ್ಯದ ವೇಗಕ್ಕೆ ಹಾಕಿ (ಆಟೋ ಬೇಡ, ಹೊಗೆ ಕಂಡ ಕೂಡಲೇ ಅದು ವೇಗ ಏರಿಸುತ್ತೆ), 20 ನಿಮಿಷದ ಅಂಕಿ ಬರ್ಕೊಳ್ಳಿ. ಎರಡನ್ನೂ ಇಲ್ಲಿ ಹಾಕಿ, ಲೆಕ್ಕ ಮಾಡೋಣ.

ಕಡತಕೋಣೆ
ಆಯ್ತು. ಚಿಕ್ಕದು ನಾಲ್ಕು ಹಾಲ್‌ಗೆ ಬಂದವು. ಗೋಡೆಯಿಂದ ಒಂದಡಿ ಬಿಟ್ಟು, ಮೇಜಿನ ಕೆಳಗೆ ಅಲ್ಲದೆ ನಡೆಯೋ ದಾರೀಲಿ ಇಟ್ಟಿದ್ದೇವೆ. ಹಿಂಬದಿ ಫ್ಯಾನ್ ಪೆಟ್ಟಿಗೆ ಕೆಲಸ ಮುಂದಿನ ತಿಂಗಳ ಖರ್ಚಿನಲ್ಲಿ. ಅಲ್ಲಿವರೆಗೆ ಹಿಂದಿನ ಕಿಟಕಿ ಗಂಟೆಗೆ ಹತ್ತು ನಿಮಿಷ ತೆಗೆಯುವುದು.

ಪರೀಕ್ಷೆ ಅಂಕಿ: ಯಂತ್ರ ಆಫ್, 210ರಿಂದ 178. ನಾಲ್ಕೂ ಮಧ್ಯದ ವೇಗ, 210ರಿಂದ 75. ಎರಡೂ 20 ನಿಮಿಷ. ಸರಿ ಇದೆಯಾ?

ಗಾಳಿಲೆಕ್ಕ
210 ÷ 178, ಅದರ ನ್ಯಾಚುರಲ್ ಲಾಗ್ 0.165. 20 ನಿಮಿಷ ಅಂದ್ರೆ ಗಂಟೆಯ ಮೂರನೇ ಒಂದು, ಹಾಗಾಗಿ ಮೂರರಿಂದ ಗುಣಿಸಿ: ಗಂಟೆಗೆ 0.5. ಅದು ಸಹಜ ಇಳಿತ.
210 ÷ 75, ಲಾಗ್ 1.03, ಮೂರರಿಂದ ಗುಣಿಸಿದ್ರೆ 3.09. ಸಹಜದ 0.5 ಕಳೆದ್ರೆ 2.59. ಹಾಲ್‌ನ 256 ರಿಂದ ಗುಣಿಸಿದ್ರೆ 663.

ನಾಲ್ಕಕ್ಕೆ 880 ಬರ್ಬೇಕಿತ್ತು. 663 ಅಂದ್ರೆ ಸರಿಯಾಗಿ ಮೂರು ಯಂತ್ರದ ಕೆಲಸ. ಒಂದು ಓಡ್ತಾ ಇದೆ, ಆದ್ರೆ ಗಾಳಿ ಶುದ್ಧ ಮಾಡ್ತಿಲ್ಲ.

ಸರ್ವಿಸ್_ಹುಬ್ಬಳ್ಳಿ
ನಾಲ್ಕೂ ಹಿಂದಿನ ಬಾಗಿಲ ತಗದು ಫಿಲ್ಟರ್ ಹೊರಗ ಎಳೀರಿ. ಹೊಸಾ ಫಿಲ್ಟರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಯಂತ್ರದ ಒಳಗ ಇಟ್ಟ ಕಳಸಿರತಾರ್ರಿ. ತಗೀದ ಚಾಲೂ ಮಾಡಿದ್ರ ಫ್ಯಾನ್ ತಿರಗತೈತಿ, ದೀಪ ಹಸರ ಇರತೈತಿ, ಗಾಳಿ ಮಾತ್ರ ಫಿಲ್ಟರ್ ದಾಟಂಗಿಲ್ಲ.

ಕಡತಕೋಣೆ
ಪ್ರಿಂಟರ್ ಪಕ್ಕದ್ದು. ಚೀಲ ಹಾಗೇ ಇತ್ತು, ಪಾರದರ್ಶಕ, ಬಾಯಿ ಟೇಪ್ ಹಾಕಿ ಮುಚ್ಚಿದ್ದು. ತೆಗೆದು ಮತ್ತೆ ಪರೀಕ್ಷೆ ಮಾಡಿದೆವು: 210ರಿಂದ 56.

ಗಾಳಿಲೆಕ್ಕ
ಲಾಗ್ 1.32, ಗಂಟೆಗೆ 3.97, ಸಹಜ ಕಳೆದು 3.47, ಗುಣಿಸಿದ್ರೆ 888. ನಾಲ್ಕೂ ಕೆಲಸ ಮಾಡ್ತಿವೆ. ಈ ಅಂಕಿಗಳನ್ನ ದಿನಾಂಕ ಸಮೇತ ಬರೆದಿಡಿ. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ, 600ಕ್ಕಿಂತ ಕೆಳಗೆ ಬಂದಾಗ ಫಿಲ್ಟರ್ ಬದಲಿಸಿ.